ಮಲಕಾಜಪ್ಪ ಬಿಚ್ಚಿದ ಇಂಜಿನ್ನು

ಜಮಖಂಡಿಗೆ ಆಗ ರೈಲು ಬಂದಿರಲಿಲ್ಲ. ರೈಲು ಹತ್ತಬೇಕಾದವರು ದೂರದ ಕುಡಚಿಗೆ ಹೋಗಬೇಕಿತ್ತು. ಹಾಗೆ ಹೋಗಿಬರುವ ಕೆಲಸವೇ ಇಲ್ಲದ ನಮ್ಮ ಓಣಿಯ ಎಷ್ಟೋ ಮಂದಿಗೆ ಇಂಜಿನ್ನು ಅಂದರೆ ಸರದಾರರ ವಾಡೆಯ ದಿವಾಣಖಾನೆಯಲ್ಲಿದ್ದ ಒಂದು ಮೊಳ ಉದ್ದದ ಹಿತ್ತಾಳೆ ಇಂಜಿನ್ನು, ಅಷ್ಟೇ.

ಅದನ್ನು ಹಿರಿಯ ಸರದಾರರು ಮುಂಬೈಯಿಂದ ತಂದಿದ್ದರಂತೆ. ಬಗಲಿಗೆ ಒಂದು ಕೀಲಿ. ಕೀಲಿ ತಿರುಗಿಸಿದರೆ ಹೊಟ್ಟೆಯೊಳಗಿನ ಸ್ಪ್ರಿಂಗು ಬಿಗಿಯುತ್ತಿತ್ತು, ಬಿಟ್ಟರೆ ಇಂಜಿನ್ನು ದುಂಡಗೆ ಜೋಡಿಸಿದ ಹಳಿಗಳ ಮೇಲೆ ಓಡುತ್ತಿತ್ತು. ಪ್ರತಿವರ್ಷ ಖಂಡೇನವಮಿ ದಿನ ಕತ್ತಿ, ಬಂದೂಕುಗಳ ಪೂಜೆ ಆದಮೇಲೆ ಇಂಜಿನ್ನಿಗೂ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಮೂರು ಸುತ್ತು ಓಡಿಸುವುದು ಆ ಮನೆತನದ ಪದ್ಧತಿ. ಒಂದು ವರ್ಷ ಅದು ಎರಡೇ ಸುತ್ತಿಗೆ ನಿಂತಿತು. ಸಂಕ್ರಾಂತಿ ಬರುವುದರೊಳಗೆ ಹಿರಿಯ ಸರದಾರರು ತೀರಿಕೊಂಡರು. ಅಂದಿನಿಂದ ಅವರ ಹೆಂಡತಿ ಆಯಿಸಾಹೇಬರು ಖಂಡೇನವಮಿ ದಿನ ಕೈಮುಗಿದು ಕುಳಿತು ಸುತ್ತು ಎಣಿಸುತ್ತಿದ್ದರು. ಮೂರನೆಯ ಸುತ್ತು ಮುಗಿಯುವವರೆಗೆ ದಿವಾಣಖಾನೆಯಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಈ ಇಂಜಿನ್ನನ್ನು ಒರೆಸಿಡುವ ಕೆಲಸ ಮಲಕಾಜಪ್ಪನದು. ಅವನು ಆ ವಾಡೆಯ ಫರಾಶ. ಜಮಖಾನೆ ಹಾಸುವುದು, ಲೋಡುದಿಂಬು ಝಾಡಿಸುವುದು, ದೀಪದ ಗಾಜು ಬೆಳಗುವುದು, ಇವೇ ಅವನ ದಿನಚರಿ. ಹುಟ್ಟೂರು ಸಾವಳಗಿ. ಹೆಂಡತಿ ಮುತ್ತವ್ವ, ಇಬ್ಬರು ಹೆಣ್ಣುಮಕ್ಕಳು. ಓದು ಬರದು. ಮಾತು ಕಡಿಮೆ. ಆದರೆ ಅವನು ಒರೆಸಿದ ಗಾಜಿನಲ್ಲಿ ಒಂದು ಬೆರಳಚ್ಚೂ ಸಿಗುತ್ತಿರಲಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನನ್ನ ಅಜ್ಜಿ ಯಂಕವ್ವ ಅದೇ ವಾಡೆಯಲ್ಲಿ ಕಸ ಹೊಡೆಯುತ್ತಿದ್ದವಳು. ಮುಂದೆ ನಡೆದದ್ದರಲ್ಲಿ ಅವಳೂ ಇದ್ದಾಳೆ. ನಾನು ಬರೆಯುತ್ತಿರುವುದು ಅರ್ಧ ಅವಳ ಬಾಯಿಂದ ಕೇಳಿದ್ದು, ಅರ್ಧ ಮಲಕಾಜಪ್ಪನ ಬಾಯಿಂದ.

ಅದು ೧೯೩೭ನೇ ಇಸವಿ. ಆ ವರ್ಷ ಮಳೆ ಬಹಳ ಹಿಡಿದು, ದಿವಾಣಖಾನೆಯ ಗೋಡೆಗಳೆಲ್ಲ ಬೆವರಿದ್ದವು. ನವರಾತ್ರಿಯ ಆರನೆಯ ದಿನ ಮಲಕಾಜಪ್ಪ ಇಂಜಿನ್ನಿನ ಮೇಲಿನ ಮಖಮಲ್ಲು ತೆಗೆದು ನೋಡಿದರೆ ಹಿತ್ತಾಳೆಯ ಮೇಲೆಲ್ಲ ಹಸಿರು ಕಲೆ. ಬೇರೆ ವರ್ಷ ಒಣ ಅರಿವೆಯಿಂದ ಒರೆಸಿ ಬಿಡುತ್ತಿದ್ದವನು ಈ ಸಲ ಅಡಿಗೆಮನೆಯಿಂದ ಹುಣಸೆಹಣ್ಣು, ಬೂದಿ ತಂದು ತಿಕ್ಕಿದ. ನೀರು ಹಾಕಿ ತೊಳೆದ. ಇಂಜಿನ್ನು ಬಂಗಾರದ ಹಾಗೆ ಹೊಳೆಯಿತು. ನೆರಳಲ್ಲಿ ಆರಲು ಇಟ್ಟು, ಸಂಜೆ ಮುಂದೆ ಒಮ್ಮೆ ಓಡಿಸಿ ನೋಡೋಣವೆಂದು ಕೀಲಿ ಪೂರ್ತಿ ತಿರುಗಿಸಿ ಹಳಿಯ ಮೇಲಿಟ್ಟ.

ಇಂಜಿನ್ನು ಅಲ್ಲಾಡಲಿಲ್ಲ.

ಬೆರಳಿಂದ ದೂಡಿದ. ಗಾಲಿ ಹಲ್ಲು ಕಚ್ಚಿ ನಿಂತಿದ್ದವು. ಕಿವಿ ಹಚ್ಚಿದರೆ ಒಳಗೆ ಬಿಗಿದ ಸ್ಪ್ರಿಂಗು ಸಣ್ಣಗೆ ನರಳುವ ಸಪ್ಪಳ. ತಳಗಡೆ ನೋಡಿದ. ಗಾಲಿಯ ಸಂದಿಯಿಂದ ಬೂದಿ ಬೆರೆತ ಹುಣಸೆ ನೀರು ಇನ್ನೂ ಸೋರುತ್ತಿತ್ತು.

ಸರದಾರರು, ಅಂದರೆ ಆಯಿಸಾಹೇಬರ ಮಗ, ಪುಣೆಯಿಂದ ಅಷ್ಟಮಿ ಸಂಜೆ ಬರುವವರು. ಉಳಿದದ್ದು ಎರಡೇ ದಿನ. ಅವನು ಮೇಲಿನ ಮಖಮಲ್ಲು ಮೊದಲಿನಂತೆ ಹೊಚ್ಚಿ ಸುಮ್ಮನೆ ಮನೆಗೆ ಹೋದ. ಮುತ್ತವ್ವ ರೊಟ್ಟಿ ಹಾಕಿದರೆ ತಾಟಿನ ಮುಂದೆ ಹಾಗೇ ಕುಳಿತಿದ್ದನಂತೆ.

ಮರುದಿನ ಬೆಳಿಗ್ಗೆ ಪೇಟೆಯಲ್ಲಿ ಆದಿನಾಥನ ಅಂಗಡಿಗೆ ಹೋದ. ಆದಿನಾಥ ತೇರದಾಳ ಕಡೆಯ ಜೈನರವನು. ಪಾತ್ರೆ ಭಾಂಡೆ ಮಾರುತ್ತಿದ್ದ, ಜೊತೆಗೆ ಗಡಿಯಾರ ರಿಪೇರಿ. ಕಣ್ಣಿಗೆ ಗಾಜು ಹಚ್ಚಿಕೊಂಡೇ ಎಲ್ಲ ಕೇಳಿದ.

"ಏನ್ ಹಾಕಿ ತಿಕ್ಕಿದಿ?"

"ಹುಣಸೀಹಣ್ಣು, ಬೂದಿರಿ."

ಆದಿನಾಥ ಗಾಜು ತೆಗೆದು ಇವನ ಮುಖ ನೋಡಿದ. "ಅದೇನ್ ಕೊಡಾ ಏನ್ಲೇ? ಒಳಗ ಹಲ್ಲಿನ ಗಾಲಿ ಇರತಾವು. ಹುಳಿ ಕುಡದು ಹಿಡದ ಬಿಟ್ಟಾವು. ಪೂರಾ ಬಿಚ್ಚಿ ಘಾಸಲೇಟ್ ಎಣ್ಯಾಗ ತೊಳೀಬೇಕು."

"ನೀವು ಬರ್ರಿ. ಕಾಲು ಬೀಳತೇನಿ."

"ನಾ ವಾಡೇಕ ಬಂದ್ರ ಅಗಸಿ ಬಾಗಲಾಗ ಹೆಸರು ಬರಸಬೇಕು. ಕಾರಭಾರಿ ಯಾಕಂತ ಕೇಳತಾನ. ಇಂಜಿನ್ನ ಇಲ್ಲಿಗೆ ತರತಿ ಅಂದ್ರ ಅಗಸಿ ಕಾಯಾಂವ ನಿನ್ನ ಗಂಟು ಬಿಚ್ಚಿ ನೋಡತಾನ. ಹೌದಲ್ಲೋ?"

ಮಲಕಾಜಪ್ಪ ಹೌದೆಂದ. ಆದಿನಾಥ ಕೇಳಿದ: "ಕೀಲಿ ಕೊಟ್ಟೀಯೇನು?"

"ಪೂರಾ ಕೊಟ್ಟೇನ್ರಿ."

"ಹಂಗಾರ ಮೊದಲ ಕೇಳು." ಆದಿನಾಥ ಒಂದು ಹಳೆಯ ಗಡಿಯಾರ ಎಳೆದುಕೊಂಡು ತೋರಿಸಿದ. "ಸ್ಪ್ರಿಂಗ್ ಬಿಗದಿದ್ದಾಗ ಒಂದ ತಿರಪೂ ಮುಟ್ಟಬ್ಯಾಡ. ಮುಟ್ಟಿದ್ರ ಹಾರಿ ಕಣ್ಣ ಕೀಳತೈತಿ. ಇದು ನೋಡು ಕೊಕ್ಕಿ, ಸ್ಪ್ರಿಂಗ್ ಹಿಂದಕ್ಕ ಬರದಂಗ ಹಿಡಿಯೂದು. ಒಂದ ಕೈಯಿಂದ ಕೀಲಿ ಗಟ್ಟಿ ಹಿಡಿ, ಇನ್ನೊಂದ ಕೈಯಿಂದ ಕೊಕ್ಕಿ ಎತ್ತು. ಒಂದ ಹಲ್ಲು ಬಿಡು, ಕೊಕ್ಕಿ ಹಾಕು. ಮತ್ತ ಒಂದ ಹಲ್ಲು. ಹಿಂಗ ಇಳಿಸಬೇಕು. ಅವಸರ ಮಾಡಿದಿ ಅಂದ್ರ ಬೆರಳು ಹೋತು."

ತಿರುಪುಳಿ, ಚಿಮಟಿಗೆ, ಒಂದು ಸಣ್ಣ ಸೀಸೆಯಲ್ಲಿ ಗಡಿಯಾರದ ಎಣ್ಣೆ ಕೊಟ್ಟ. "ತಗದದ್ದನ್ನ ತಗದ ಸಾಲಿನ್ಯಾಗ ಇಡು. ಹಿಂದಿಂದ ಮುಂದಕ್ಕ ಜೋಡಿಸು. ಇಷ್ಟ ನಾ ಹೇಳೂದು."

ವಾಡೆಯಲ್ಲಿ ಮಧ್ಯಾಹ್ನದ ಊಟ ಆಯಿತೆಂದರೆ ಎಲ್ಲರೂ ಮಲಗುವರು. ದಿವಾಣಖಾನೆಗೆ ಹತ್ತಿದಂತೆ ಜಮಖಾನೆ ಒಟ್ಟುವ ಒಂದು ಕೋಣೆ. ಮಲಕಾಜಪ್ಪ ಇಂಜಿನ್ನನ್ನು ಅಲ್ಲಿಗೆ ಒಯ್ದ. ಅದರ ಜಾಗದಲ್ಲಿ ಒಂದು ಸಣ್ಣ ಲೋಡು ಇಟ್ಟು ಮಖಮಲ್ಲು ಹೊಚ್ಚಿದ. ದೂರದಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಕೋಣೆಯ ಕಿಡಕಿಯ ಕೆಳಗೆ ಬಿಳಿ ಧೋತರ ಹಾಸಿ ಕುಳಿತ. ಎಡಗೈಯಲ್ಲಿ ಕೀಲಿ, ಬಲಗೈಯಲ್ಲಿ ಚಿಮಟಿಗೆ. ಕೊಕ್ಕೆ ಎತ್ತಿದ ಕೂಡಲೇ ಕೀಲಿ ಜೀವ ಬಂದಂತೆ ಅವನ ಬೆರಳು ತಿರುಚಿತು. ಒಂದು ಹಲ್ಲು ಬಿಟ್ಟ, ಕೊಕ್ಕೆ ಹಾಕಿದ. ಕಟ್. ಮತ್ತೆ ಒಂದು. ಕಟ್. ಪ್ರತಿ ಸಪ್ಪಳಕ್ಕೂ ಬಾಗಿಲ ಕಡೆ ನೋಡುವನು. ನಡುವೆ ಒಮ್ಮೆ ಬೆವರಿಗೆ ಕೀಲಿ ಜಾರಿ ಎರಡು ಹಲ್ಲು ಒಮ್ಮೆಲೇ ಹೋಯಿತು. ಹೆಬ್ಬೆರಳಿನ ಉಗುರು ಕಪ್ಪಾಯಿತು. ಅಂಗಿಯಿಂದ ಕೈ ಒರೆಸಿಕೊಂಡು ಮತ್ತೆ ಹಿಡಿದ. ಎಷ್ಟು ಹಲ್ಲು ಇಳಿಸಿದನೋ ಲೆಕ್ಕವಿಲ್ಲ, ಕೊನೆಗೆ ಕೀಲಿ ಕೈಯಲ್ಲಿ ಸಡಿಲಾಗಿ ನಿಂತಿತು.

ಆಮೇಲೆ ತಿರುಪು. ಮೊದಲು ಹೊಗೆ ಕೊಳವೆ, ಆಮೇಲೆ ಬೆನ್ನಿನ ತಗಡು, ಆಮೇಲೆ ಗಾಲಿಗಳ ಸಲಾಕೆ. ತೆಗೆದ ಒಂದೊಂದನ್ನೂ ಧೋತರದ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟ. ಅವನಿಗೆ ಒಂದರ ಹೆಸರೂ ಗೊತ್ತಿಲ್ಲ, ಯಾವುದು ಏನು ಮಾಡುತ್ತದೆ ಎನ್ನುವುದೂ ಗೊತ್ತಿಲ್ಲ. ನಿಜವಾದ ಇಂಜಿನ್ನನ್ನೇ ಅವನು ಕಂಡಿರಲಿಲ್ಲ. ಒಳಗಿನ ಹಲ್ಲಿನ ಗಾಲಿಗಳೆಲ್ಲ ಹಸಿರು ಕೆಸರು ಮೆತ್ತಿಕೊಂಡಿದ್ದವು. ಕಂಚಿನ ಬಟ್ಟಲಲ್ಲಿ ಘಾಸಲೇಟ್, ಅಂದರೆ ಸೀಮೆಎಣ್ಣೆ ಸುರಿದು, ಕೋಳಿಯ ಗರಿಯಿಂದ ತೊಳೆದ. ಹಲ್ಲಿನ ಸಂದಿಗೆ ಬೇವಿನ ಕಡ್ಡಿ ಚೂಪು ಮಾಡಿ ಹಾಕಿ ಕೆದರಿದ. ಕೊನೆಗೆ ಸ್ಪ್ರಿಂಗು ತೆಗೆದ. ಮೂರು ಮಾರು ಉದ್ದದ ಉಕ್ಕಿನ ಪಟ್ಟಿ, ಅದರ ಸುತ್ತುಗಳ ಒಳಗೂ ಬೂದಿ. ಹೊತ್ತು ಇಳಿಯಿತು, ಮಂದಿ ಎದ್ದ ಸಪ್ಪಳ ಕೇಳಿತು. ಎಲ್ಲವನ್ನೂ ಹಾಗೆಯೇ ಒಂದು ಜಮಖಾನೆಯಿಂದ ಮರೆಮಾಡಿ ಹೊರಬಿದ್ದ.

ಮರುದಿನ ಅಷ್ಟಮಿ. ಮಧ್ಯಾಹ್ನ ಮತ್ತೆ ಕೋಣೆ ಸೇರಿದ. ಮೊದಲ ಕೆಲಸ ಸ್ಪ್ರಿಂಗನ್ನು ಬಿಗಿಯಾಗಿ ಸುತ್ತಿ, ತಂತಿ ಕಟ್ಟಿ, ಗೂಡಿನೊಳಗೆ ಕೂಡಿಸುವುದು. ಸುತ್ತಲು ಎರಡೂ ಕೈ ಬೇಕು. ತಂತಿ ಕಟ್ಟುವವರೆಗೆ ಕೈ ಬಿಡುವಂತಿಲ್ಲ. ಅವನು ಪಟ್ಟಿಯನ್ನು ಮೊಳಕಾಲ ನಡುವೆ ಹಿಡಿದು ಸುತ್ತುತ್ತ, ಕೊನೆಯ ಎರಡು ಸುತ್ತು ಉಳಿದಾಗ ದಿವಾಣಖಾನೆಯಲ್ಲಿ ಕಾಲುಜೋಡಿನ ಸಪ್ಪಳವಾಯಿತು.

ವಾಡೆಯ ವಹಿವಾಟು ನೋಡುವ ಕಾರಭಾರಿ ದತ್ತೋಪಂತರು ಅಂದು ಮಲಗಿರಲಿಲ್ಲ. ಸರದಾರರು, ಆಳುಗಳ ಬಾಯಲ್ಲಿ ಸರಕಾರ, ಬರುವ ದಿನ; ನಾಳಿನ ಪೂಜೆಯ ಸಿದ್ಧತೆ ನೋಡಲು ಬಂದಿದ್ದರು. ನನ್ನ ಅಜ್ಜಿ ಅಲ್ಲಿ ಒಬ್ಬಳೇ ಕಸ ಹೊಡೆಯುತ್ತಿದ್ದಳು. ಕಾರಭಾರಿಗಳು ಮಖಮಲ್ಲು ಎತ್ತಿದರು. ಕೆಳಗೆ ಲೋಡು.

"ಯಂಕವ್ವಾ, ಇಂಜಿನ್ನ ಎಲ್ಲಿ?"

"ನಾ ಏನ್ ಬಲ್ಲೆ ಯಪ್ಪಾ. ಅದರ ಮ್ಯಾಲಿನ ಅರಿವಿ ಮುಟ್ಟಂಗಿಲ್ಲ ನಾ."

"ದಿನಾ ಇಲ್ಲಿ ಕಸಾ ಹೊಡ್ಯಾಕಿ ನೀ. ಇಂಜಿನ್ನ ಎಲ್ಲಿ?"

ಗೋಡೆಯ ಆಚೆ ಮಲಕಾಜಪ್ಪ ಪ್ರತಿಯೊಂದು ಮಾತು ಕೇಳುತ್ತಿದ್ದ. ಸ್ಪ್ರಿಂಗು ಕೈಯಲ್ಲಿ ಹಾವಿನ ಹಾಗೆ ಒದೆಯುತ್ತಿತ್ತು. ಕೈ ಬಿಟ್ಟರೆ ಹಾರುತ್ತದೆ. ಹಾಗಂತ ಅವನು ತನಗೆ ತಾನೇ ಹೇಳಿಕೊಂಡ. ಆದರೆ ಬಾಯಿಗೆ ಯಾವ ಸ್ಪ್ರಿಂಗೂ ಇರಲಿಲ್ಲ. ಕೂಗಿ ಹೇಳಬಹುದಿತ್ತು. ಕೂಗಲಿಲ್ಲ.

ಮೂರನೆಯ ಸಲ ಕೇಳಿದಾಗ ಕಾರಭಾರಿಗಳ ಧ್ವನಿ ಏರಿತ್ತು. "ಲೋಡು ಇಟ್ಟು ಮುಚ್ಚ್ಯಾರ ಅಂದ್ರ ಇದು ಬೇಕಂತ ಮಾಡಿದ ಕಳವು. ಯಾರಿಗೆ ಕೊಟ್ಟಿ? ಖರೆ ಹೇಳು."

"ದೇವರಾಣಿ ಯಪ್ಪಾ, ನನಗ ಗೊತ್ತಿಲ್ಲ." ಅಜ್ಜಿ ಅಳತೊಡಗಿದ್ದಳು.

"ನಾಲ್ಕನೇ ಸಲಾ ಕೇಳಾಕತ್ತೇನಿ. ಹೇಳದಿದ್ರ ಅಗಸಿ ಕಾಯೂ ನಾಯಕರನ್ನ ಕರಸತೇನಿ. ಮೊದಲ ಸೀರಿ ಸೆರಗ ಝಾಡಿಸು, ಉಡಿ ಬಿಚ್ಚು."

ಮಲಕಾಜಪ್ಪ ಕೈ ಬಿಟ್ಟ.

ಉಕ್ಕಿನ ಪಟ್ಟಿ ಸುಂಯ್ ಎಂದು ಬಿಚ್ಚಿಕೊಂಡು ಅವನ ಎಡ ಅಂಗೈಯನ್ನು ಉದ್ದಕ್ಕೆ ಸೀಳಿ, ಬಟ್ಟಲನ್ನು ಹೊಡೆದು ಉರುಳಿಸಿ ಗೋಡೆಗೆ ಬಡಿಯಿತು. ಅವನು ಎದ್ದು ಬಾಗಿಲು ತೆರೆದು ಹೊರಗೆ ಬಂದ. ಕೈಯಿಂದ ರಕ್ತ ಕಲ್ಲಿನ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

"ಇಂಜಿನ್ನ ನನ್ನ ಹತ್ತರ ಐತ್ರಿ. ಆಕೀನ್ನ ಬಿಡ್ರಿ. ಕೆಡಿಸಿದಾಂವ ನಾ, ಬಿಚ್ಚಿದಾಂವ ನಾ."

ದತ್ತೋಪಂತರು ಕೋಣೆಯೊಳಗೆ ಹೋಗಿ ನೋಡಿದರು. ಧೋತರದ ಮೇಲೆ ಸಾಲು ಸಾಲಾಗಿ ಐವತ್ತು ಅರವತ್ತು ತುಣುಕು. ಇಂಜಿನ್ನಿನ ಬರಿ ತಗಡಿನ ಬೆನ್ನು ಒಂದು ಕಡೆ ಬೋರಲು ಬಿದ್ದಿತ್ತು. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಅಲ್ಲೇ ಒಟ್ಟಿದ ಜಮಖಾನೆಯ ಮೇಲೆ ಕುಕ್ಕರಿಸಿದರು.

"ಸಂಜಿಗೆ ಸರಕಾರ ಬರತಾರ. ನಾಳೆ ಇದು ಓಡದಿದ್ರ ಆಯಿಸಾಹೇಬರ ಮುಂದ ನಾ ಏನ್ ಹೇಳಲಿ? ನಿನ್ನೊಬ್ಬನ ಹೊಟ್ಟಿ ಮ್ಯಾಲ ಅಲ್ಲ, ನನ್ನ ಹೊಟ್ಟಿ ಮ್ಯಾಲೂ ಹೊಡದಿ."

"ಜೋಡಸತೇನ್ರಿ. ಸಾಲಿನ್ಯಾಗ ಇಟ್ಟೇನಿ."

"ಜೋಡಸು. ನನ್ನ ಕಣ್ಣ ಮುಂದ ಜೋಡಸು."

ಮಲಕಾಜಪ್ಪ ರುಮಾಲು ಹರಿದು ಅಂಗೈಗೆ ಸುತ್ತಿಕೊಂಡ. ಸ್ಪ್ರಿಂಗು ಮತ್ತೆ ಹಿಡಿದ. ಎಡಗೈ ಬಿಗಿ ಹಿಡಿಯಲೊಲ್ಲದು. ಎರಡು ಸಲ ಜಾರಿತು. ಕಾರಭಾರಿಗಳು ತಾವು ಮುಟ್ಟಲು ಮುಂದಾಗಲಿಲ್ಲ.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅವಳು ಮನೆಗೆ ಹೋಗಬಹುದಿತ್ತು. ಸಿಟ್ಟೂ ಇತ್ತು. "ಹೋಗಬೇಕಂತನ ಸೆರಗ ಸರಿ ಮಾಡಿಕೊಂಡ್ನಿ, ಆದ್ರ ಅಂವನ ಕೈ ನೋಡಿ ಹೋಗಾಕ ಆಗಲಿಲ್ಲ" ಎನ್ನುತ್ತಿದ್ದಳು. ಕಸಬರಿಗೆ ಬದಿಗಿಟ್ಟು ಒಳಗೆ ಬಂದು ಎದುರಿಗೆ ಕುಳಿತಳು. "ಎಲ್ಲಿ ಹಿಡೀಲಿ?" ಎಂದಳು.

"ಇಲ್ಲಿ. ಸತ್ತರೂ ಬಿಡಬ್ಯಾಡ."

ಅವಳು ಹಿಡಿದಳು. ಅವನು ಸುತ್ತಿದ. ಇಬ್ಬರ ಮುಖದ ನಡುವೆ ಗೇಣು ಅಂತರ. ಕೊನೆಯ ಸುತ್ತಿಗೆ ಅವಳ ಬೆರಳ ತುದಿ ಬಿಳಚಿದವು, ಹಲ್ಲು ಕಚ್ಚಿದಳು. ತಂತಿ ಬಿತ್ತು. ಸ್ಪ್ರಿಂಗು ಗೂಡಿನೊಳಗೆ ಕುಳಿತಿತು.

ಆಮೇಲೆ ಬಲದಿಂದ ಎಡಕ್ಕೆ ಒಂದೊಂದೇ ತುಣುಕು. ಉರುಳಿದ ಬಟ್ಟಲಿನಿಂದ ಚೆಲ್ಲಿದ ಎಣ್ಣೆಯಲ್ಲಿ ಸಾಲಿನ ಒಂದು ಮೂಲೆ ಕದಡಿತ್ತು. ಅಲ್ಲಿಯ ನಾಲ್ಕು ಸಣ್ಣ ಗಾಲಿಗಳನ್ನು ಅವನು ಅಂದಾಜಿನ ಮೇಲೆ ಹಾಕಿದ. ಅದರಲ್ಲಿ ಎರಡನ್ನು ಹಾಕುವಾಗ ಕೈ ಒಂದು ಕ್ಷಣ ತಡೆಯಿತು. ಕಾರಭಾರಿಗಳು ಮೇಲಿಂದ ಮೇಲೆ ಬಿಸಿಲು ಎಲ್ಲಿಗೆ ಬಂತೆಂದು ಕಿಡಕಿ ನೋಡುತ್ತಿದ್ದರು. ತಿರುಪು ಬಿಗಿದ, ಹಲ್ಲುಗಳಿಗೆ ಗರಿಯ ತುದಿಯಿಂದ ಎಣ್ಣೆ ಮುಟ್ಟಿಸಿದ, ತಂತಿ ಕತ್ತರಿಸಿ ತೆಗೆದ. ಕೀಲಿ ನಾಲ್ಕೇ ಸುತ್ತು ಕೊಟ್ಟು ದಿವಾಣಖಾನೆಗೆ ಒಯ್ದು ಹಳಿಯ ಮೇಲಿಟ್ಟ.

ಗಾಲಿ ತಿರುಗಿದವು! ಅಜ್ಜಿ "ಯವ್ವಾ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಆದರೆ ಇಂಜಿನ್ನು ಹಿಂದಕ್ಕೆ ಓಡುತ್ತಿತ್ತು.

ಚಾಲಕ ನಿಲ್ಲುವ ಜಾಗದಲ್ಲಿ ಮುಂದೆ ಹಿಂದೆ ಬದಲಿಸುವ ಒಂದು ಸಣ್ಣ ಹಿಡಿಕೆ ಇತ್ತು. ಅದನ್ನು ಮುಂದಕ್ಕೆ ಹಾಕಿದರೆ ಇಂಜಿನ್ನು ಹಿಂದಕ್ಕೆ ಹೋಗುತ್ತದೆ, ಹಿಂದಕ್ಕೆ ಹಾಕಿದರೆ ಪೂರ್ತಿ ನಿಲ್ಲುತ್ತದೆ.

"ಹೆಂಗೋ ಓಡತೈತಲ್ಲ," ಎಂದರು ಕಾರಭಾರಿಗಳು. "ಇರಲಿ ಬಿಡು. ಮೂರು ಸುತ್ತು ಆದ್ರ ಆತು."

"ಇಲ್ರಿ. ಆಯಿಸಾಹೇಬರು ನೋಡತಾರ. ಹಿಂದಕ್ಕ ಓಡಿದ್ರ ನಿಂತದ್ದಕ್ಕಿಂತ ಕೆಟ್ಟ ಅನಕೊಳ್ಳತಾರ. ಎರಡು ಗಾಲಿ ಅದಲುಬದಲು ಹಾಕೇನಿ. ನನಗ ಅವು ಯಾವು ಅಂತ ಗೊತ್ತೈತಿ."

"ಮತ್ತ ಬಿಚ್ಚತಿ? ಸರಕಾರ ಈಗ ತೇರದಾಳ ದಾಟಿರಬೇಕು!"

ಹುಟ್ಟಿದಾಗಿನಿಂದ ಯಾರ ಅಪ್ಪಣೆಯನ್ನೂ ಮೀರದ ಮಲಕಾಜಪ್ಪ ಇಂಜಿನ್ನು ಎತ್ತಿಕೊಂಡು ಕೋಣೆಯೊಳಗೆ ಹೋಗಿ ಕುಳಿತುಬಿಟ್ಟ. ಕಾರಭಾರಿಗಳು ಬಾಗಿಲ ತನಕ ಬಂದು, ಏನೋ ಅನ್ನಲು ಹೋಗಿ ಅನ್ನದೆ, ಅಗಸಿಯ ಕಡೆ ನಡೆದರು. ಕೀಲಿಗೆ ನಾಲ್ಕೇ ಸುತ್ತು ಕೊಟ್ಟದ್ದರಿಂದ ಸ್ಪ್ರಿಂಗು ಬೇಗ ಇಳಿಯಿತು. ಅಜ್ಜಿ ತೆಗೆದ ತಿರುಪುಗಳನ್ನು ಅಂಗೈಯಲ್ಲಿ ಸಾಲಾಗಿ ಹಿಡಿದು ಕುಳಿತಳು. ತಗಡು ತೆಗೆದ, ಸಲಾಕೆ ಸರಿಸಿದ, ಎರಡು ಸಣ್ಣ ಗಾಲಿಗಳನ್ನು ಹೊರಗೆ ತೆಗೆದು ಜಾಗ ಬದಲಿಸಿದ. ಅಷ್ಟರಲ್ಲಿ ಅಗಸಿಯಲ್ಲಿ ಮೋಟಾರಿನ ಭೋಂ ಕೇಳಿತು. ಅವನಿಗೆ ಇನ್ನೂ ಐದು ತಿರುಪು ಕೂಡಿಸುವುದಿತ್ತು. ಆಳುಗಳು ಓಡುವ ಸಪ್ಪಳ. ಆರತಿಯ ತಾಟಿನ ಸಪ್ಪಳ. ಮೆಟ್ಟಿಲ ಮೇಲೆ ಕಾರಭಾರಿಗಳ ದೊಡ್ಡ ಧ್ವನಿ: ಸರಕಾರ ಪ್ರವಾಸದಿಂದ ದಣಿದಾರ, ಮೊದಲು ಆಯಿಸಾಹೇಬರ ದರ್ಶನ ಆಗಲಿ, ಆಮೇಲೆ ದಿವಾಣಖಾನೆ. ಅದು ಇವನಿಗಾಗಿಯೇ ಕೂಗಿದ್ದೋ ಏನೋ, ದತ್ತೋಪಂತರು ಎಂದೂ ಒಪ್ಪಲಿಲ್ಲ. ಕೊನೆಯ ತಿರುಪು ಬಿಗಿದು, ಓಡಿಸಿ ನೋಡಲೂ ಸಮಯವಿಲ್ಲದೆ, ಅವನು ಇಂಜಿನ್ನನ್ನು ಜಾಗಕ್ಕೆ ಇಟ್ಟು ಮಖಮಲ್ಲು ಹೊಚ್ಚಿದ. ಅಜ್ಜಿ ನೆಲದ ಮೇಲಿನ ರಕ್ತದ ಕಲೆ ಒರೆಸಿದಳು.

ಹಾಗಾಗಿ ಮರುದಿನ ಪೂಜೆಯ ಹೊತ್ತಿಗೆ, ಅದು ಮುಂದಕ್ಕೆ ಹೋಗುತ್ತದೋ ಹಿಂದಕ್ಕೋ, ಇಡೀ ವಾಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಗೊತ್ತಿದ್ದವರು ಮೂವರೇ. ಸರದಾರರು ತಾವೇ ಕೀಲಿ ಕೊಟ್ಟರು. ಪೂರ್ತಿ ಕೊಟ್ಟರು. ಮಲಕಾಜಪ್ಪ ಕಂಬದ ಹಿಂದೆ ಅಂಗೈಯ ಗಾಯ ಮುಚ್ಚಿಕೊಂಡು ನಿಂತಿದ್ದ. ಆಯಿಸಾಹೇಬರು ಕೈ ಮುಗಿದರು.

ಇಂಜಿನ್ನು ಒಂದು ಗಳಿಗೆ ತಡೆದು ನಿಂತಿತು. ಆಮೇಲೆ ಮುಂದಕ್ಕೆ ಹೊರಟಿತು. ಒಂದು ಸುತ್ತು. ಎರಡು. ಎರಡನೆಯದು ಮುಗಿಯುವಾಗ ತಿರುವಿನಲ್ಲಿ ಸ್ವಲ್ಪ ಮೆತ್ತಗಾಯಿತು. ಕಾರಭಾರಿಗಳು ಕಣ್ಣು ಮುಚ್ಚಿದರು. ಮೂರು ಆಯಿತು. ಇಂಜಿನ್ನು ನಿಲ್ಲಲಿಲ್ಲ. ನಾಲ್ಕು, ಐದು. ಏಳನೆಯ ಸುತ್ತಿಗೆ ಸರದಾರರು ನಗುತ್ತ ಕೈ ಅಡ್ಡ ಹಿಡಿದು ನಿಲ್ಲಿಸಬೇಕಾಯಿತು.

"ಈ ಸಲಾ ಸಪ್ಪಳನ ಇಲ್ಲಲ್ಲ ದತ್ತೋಪಂತ. ಏನ್ ಮಾಡಿಸಿದಿರಿ?"

"ಫರಾಶ ಒರಸ್ಯಾನ್ರಿ," ಎಂದರು ಕಾರಭಾರಿಗಳು.

ಮರುದಿನ ದಶಮಿ. ಎಲ್ಲರೂ ಬನ್ನಿ ಎಲೆ ಹಂಚಿಕೊಳ್ಳುವ ಹೊತ್ತಿನಲ್ಲಿ ಮಲಕಾಜಪ್ಪ ನಮ್ಮ ಅಜ್ಜಿಯ ಮನೆಗೆ ಬಂದ. ಕೈಯಲ್ಲಿ ಬನ್ನಿ ಇತ್ತು, ಕೊಡಲಿಲ್ಲ. ಹೊಸ್ತಿಲ ಹೊರಗೆ ನಿಂತು, "ಕಾರಭಾರಿ ನಿನ್ನ ಮೊದಲನೇ ಸಲಾ ಕೇಳಿದಾಗನ ನನಗ ಕೇಳಿಸಿತ್ತು ಯಂಕವ್ವ" ಎಂದ.

"ಗೊತ್ತೈತಿ. ಗ್ವಾಡಿ ಅಷ್ಟೇನ್ ದಪ್ಪಿಲ್ಲ," ಎಂದಳು ಅಜ್ಜಿ. "ನಾಕ ಸಲಾ ಕೇಳಿದಾ ಅಂವಾ. ಅಷ್ಟೊತ್ತು ಏನ್ ಮಾಡಾಕತ್ತಿದ್ದಿ?"

"ಅಂಜಿದ್ನಿ," ಎಂದು ಬನ್ನಿ ಮುಂದೆ ಹಿಡಿದ.

ಆ ವರ್ಷ ಅವಳು ಅವನ ಬನ್ನಿ ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ತೆಗೆದುಕೊಂಡಳು. ಕಾರಭಾರಿಗಳು ಮಾತ್ರ ಅವಳಿಗೆ ತಪ್ಪಾಯಿತು ಅನ್ನಲೇ ಇಲ್ಲ. ಹಾದಿಯಲ್ಲಿ ಸಿಕ್ಕರೆ ಬೇರೆ ಕಡೆ ನೋಡುತ್ತಿದ್ದರು.

ಮಲಕಾಜಪ್ಪನಿಗೆ ವಾಡೆಯ ಗಡಿಯಾರಗಳಿಗೆ ಕೀಲಿ ಕೊಡುವ ಕೆಲಸ ಬಂತು, ಆಮೇಲೆ ಕೆಟ್ಟಾಗ ಬಿಚ್ಚುವ ಕೆಲಸವೂ ಬಂತು. ಬಿಡುವಿದ್ದಾಗ ಆದಿನಾಥನ ಅಂಗಡಿಯಲ್ಲಿ ಕುಳಿತು ಕಲಿತ. ಎಡಗೈಯ ನಡುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನಲವತ್ತೆಂಟರಲ್ಲಿ ಜಮಖಂಡಿ ಸಂಸ್ಥಾನ ವಿಲೀನವಾಗಿ ಸರದಾರರ ಮನೆಯವರು ಪುಣೆಗೆ ಹೋದರು. ಇಂಜಿನ್ನೂ ಹೋಯಿತು. ಅವನು ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಾಕಿದ. ಗಡಿಯಾರ, ಸ್ಟೋವ್, ಹೊಲಿಗೆ ಯಂತ್ರ, ಏನು ಬಂದರೂ ಬಿಳಿ ಅರಿವೆ ಹಾಸಿ ಬಿಚ್ಚುತ್ತಿದ್ದ. ಬನಹಟ್ಟಿ, ರಬಕವಿಯ ನೇಕಾರರೂ ಅವನ ಹತ್ತಿರ ಬರುತ್ತಿದ್ದರು. ರಿಪೇರಿಯಲ್ಲಿ ತನ್ನ ಕೈಯಿಂದ ಏನಾದರೂ ಮುರಿದರೆ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕೂಗಿ ಹೇಳಿಬಿಡುತ್ತಿದ್ದ. ಓಣಿಯ ಮಂದಿ ಅದನ್ನು ನೋಡಿ ನಗುತ್ತಿದ್ದರು.